ಪಾಲಬಾವಿಕರರ ಮುಖ ಕದ್ದವರು

ನಿಪ್ಪಾಣಿಯಲ್ಲಿ ನಮ್ಮ ಓಣಿಯ ವಾಚನಾಲಯಕ್ಕೆ ಹೋದವರು ಛತ್ರಿಯನ್ನು ಹೊರಗಿಡಬೇಕು, ಚೀಲವನ್ನು ಹೊರಗಿಡಬೇಕು, ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರೆ ಅದನ್ನೂ ಬಿಚ್ಚಿ ಒಮ್ಮೆ ಕೊಡವಬೇಕು. ಈ ನಿಯಮವನ್ನು ಎಲ್ಲಿಯೂ ಬರೆದು ಹಚ್ಚಿಲ್ಲ. ಇದು ಜ್ಞಾನದೇವನ ನಿಯಮ.

ಜ್ಞಾನದೇವ ಆ ವಾಚನಾಲಯದ ವ್ಯವಸ್ಥಾಪಕ. ಬೀಗ ತೆರೆಯುವವನು, ಕಸ ಗುಡಿಸುವವನು, ಪತ್ರಿಕೆ ಹರಡುವವನು ಎಲ್ಲ ಅವನೇ. ತೆಳ್ಳಗಿನ ಆಳು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಕನ್ನಡಕಕ್ಕೆ ದಾರ. ನಾನು ಪತ್ರಿಕೆ ಓದಿ ಮುಗಿಸಿ ಮೇಜಿನ ಮೇಲಿಟ್ಟ ಕೂಡಲೇ ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಪುಟ ಪುಟವಾಗಿ ನೋಡುತ್ತಾನೆ.

"ಸಿಟ್ಟ ಮಾಡ್ಕೋಬ್ಯಾಡ್ರಿ ಗುರೂಜಿ. ನಿಮ್ಮ ಮ್ಯಾಲ ಸಂಶಯ ಇಲ್ಲ. ಆದ್ರ ನೋಡೂದು ನೋಡಬೇಕಲ್ರಿ."

ನನಗೆ ಸಿಟ್ಟು ಬರುವುದಿಲ್ಲ. ಅವನು ನನ್ನ ಕೈಯಲ್ಲಿ ಓದಿದ ಹುಡುಗ. ಶಾಲೆಯಲ್ಲಿದ್ದಾಗಲೂ ತನ್ನ ಬಳಪವನ್ನು ದಾರ ಹಾಕಿ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ. ಬರೆಯುವಾಗ ಅಂಗಿ ಮೇಲೆ ಹೋಗಿ ಹೊಟ್ಟೆ ಕಾಣುತ್ತಿತ್ತು. ಉಳಿದ ಹುಡುಗರು ನಗುತ್ತಿದ್ದರು. ಅವನು ನಗುವವರ ಕೈಗಳ ಕಡೆಗೆ ನೋಡುತ್ತಿದ್ದ, ಬಳಪ ಯಾರ ಕೈಯಲ್ಲಾದರೂ ಇದೆಯೇ ಎಂದು.

ಈ ಸ್ವಭಾವಕ್ಕೆ ಕಾರಣವಿತ್ತು. ಅವನ ತಂದೆ ತಂಬಾಕು ತುಂಬಿಡುವ ಒಂದು ವಖಾರಿಯಲ್ಲಿ ಕಾವಲುಗಾರನಾಗಿದ್ದ. ಒಮ್ಮೆ ವಖಾರಿಯಿಂದ ಮಾಲು ಕಾಣೆಯಾಯಿತು. ಒಯ್ದವನು ಮಾಲಕನ ಮನೆಯವನೇ ಎಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಆದರೆ ಅಷ್ಟರಲ್ಲಿ ಕಳವಿನ ಅಪವಾದ ಕಾವಲುಗಾರನ ಮೇಲೆ ಬಂದು, ಅವನು ಕೆಲಸ ಕಳೆದುಕೊಂಡಿದ್ದ. ಮಾಲಕ ಅವನನ್ನು ಮತ್ತೆ ಕರೆಯಲಿಲ್ಲ. ನಾಲ್ಕು ಜನರ ಮುಂದೆ ಒಂದು ಮಾತನ್ನೂ ಆಡಲಿಲ್ಲ. ಆ ಮನೆಯಲ್ಲಿ ಬೆಳೆದ ಹುಡುಗ ಕಾವಲು ಕಾಯುವ ಕೆಲಸಕ್ಕೇ ಬಂದ ಮೇಲೆ ಎಂಥವನಾದಾನು?

ಅವನು ಎಲ್ಲಕ್ಕಿಂತ ಹೆಚ್ಚು ಕಾಯುತ್ತಿದ್ದುದು ಒಳಕೋಣೆಯ ಕಪಾಟನ್ನು. ಕೊಲ್ಲಾಪುರದಿಂದ ಬರುತ್ತಿದ್ದ ಒಂದು ಹಳೆಯ ಮರಾಠಿ ವಾರಪತ್ರಿಕೆಯ ಸಂಪುಟಗಳು ಅದರಲ್ಲಿದ್ದವು. ವರ್ಷಕ್ಕೊಂದರಂತೆ ದಪ್ಪ ರಟ್ಟು ಹಾಕಿ ಕಟ್ಟಿಸಿದ್ದು. ಪ್ರತಿ ಸಂಚಿಕೆಯಲ್ಲಿಯೂ ಸಿನಿಮಾ ಮತ್ತು ರೇಡಿಯೋ ಸುದ್ದಿಗೆಂದು ಒಂದು ಪುಟ. ಬಹಳ ವರ್ಷಗಳ ಹಿಂದೆ ಆ ಪುಟಗಳಲ್ಲಿ ತೂತುಗಳು ಕಾಣಿಸಿಕೊಂಡವು. ಯಾರೋ ಚಿತ್ರಗಳನ್ನು ಕತ್ತರಿಸಿ ಒಯ್ದಿದ್ದರು. ಅದೂ ಒಬ್ಬನೇ ನಟನ ಚಿತ್ರಗಳನ್ನು. ಕೆಳಗಿನ ಹೆಸರು ಮಾತ್ರ ಉಳಿದಿತ್ತು: ಗಂಗಾರಾಮ ಪಾಲಬಾವಿಕರ.

ಪಾಲಬಾವಿಕರರು ನಮ್ಮ ರಾಯಬಾಗ ತಾಲೂಕಿನ ಪಾಲಬಾವಿಯವರು. ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ, ಅಲ್ಲಿಂದ ಕೊಲ್ಲಾಪುರದ ಸ್ಟುಡಿಯೋಗಳಿಗೆ ಹೋದವರು. ನಾಯಕನಾಗಲಿಲ್ಲ, ನಾಯಕನ ಅಣ್ಣ, ಪ್ರಾಮಾಣಿಕ ಹವಾಲ್ದಾರ, ಜಮೀನು ಕಳೆದುಕೊಂಡ ಗೌಡ, ಇಂಥ ಪಾತ್ರಗಳು. ಆಮೇಲೆ ಅವರ ಧ್ವನಿಯನ್ನು ರೇಡಿಯೋದವರು ಕರೆದುಕೊಂಡರು. ಮರಾಠಿ ನಾಟಕದಲ್ಲಿಯೂ ಅವರೇ, ಕನ್ನಡ ನಾಟಕದಲ್ಲಿಯೂ ಅವರೇ. ನಮ್ಮ ಕಡೆಯವರಿಗೆ ಎರಡೂ ತಿಳಿಯುವುದರಿಂದ ಎರಡನ್ನೂ ಕೇಳುತ್ತಿದ್ದೆವು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ತೀರಿಕೊಂಡ ಮೇಲೆ ಅವರ ಒಂದು ಪಟವನ್ನು ಕೂಡ ಗೋಡೆಗೆ ಹಾಕುವವರು ಇರಲಿಲ್ಲ.

ತೂತು ಕಂಡಂದಿನಿಂದ ಜ್ಞಾನದೇವ ಊರಿನ ಮೇಲೆಲ್ಲ ಸಂಶಯ ಪಟ್ಟ. ಮೊದಲು ಕಾಲೇಜಿನ ಹುಡುಗರ ಮೇಲೆ. ಆಮೇಲೆ ಕ್ಷೌರದಂಗಡಿಯ ಸಮಾಧಾನನ ಮೇಲೆ, ಏಕೆಂದರೆ ಅವನ ಅಂಗಡಿಯ ಗೋಡೆಯ ತುಂಬ ಸಿನಿಮಾದವರ ಚಿತ್ರಗಳಿದ್ದವು. ಅವುಗಳನ್ನು ಪರೀಕ್ಷಿಸುವುದಕ್ಕಾಗಿ ಜ್ಞಾನದೇವ ಒಂದು ದಿನ ಬಿಟ್ಟು ಒಂದು ದಿನ ದಾಡಿಗೆ ಹೋಗತೊಡಗಿದ.

"ಕಾಕಾ, ನಿನ್ನ ಗದ್ದದಾಗ ಬೆಳಿಯಾಕರ ವ್ಯಾಳೆ ಕೊಡೋ. ಬರೇ ಚರ್ಮ ಕೆರಿಯಾಕತ್ತೇನಿ ನಾನು," ಎಂದು ಸಮಾಧಾನ ಕೈಮುಗಿದನಂತೆ.

ಕೊನೆಗೆ ಜ್ಞಾನದೇವ ಕಪಾಟಿಗೆ ಬೀಗ ಜಡಿದ. ಯಾರಾದರೂ ಕೇಳಿದರೆ ಮಾತ್ರ ಸಂಪುಟ ಹೊರಗೆ ಬರಬೇಕು. ಹೊರಗಿದ್ದಷ್ಟು ಹೊತ್ತೂ ಅವನು ಎದುರಿಗಿರಬೇಕು. ಮಧ್ಯಾಹ್ನ ಊಟದ ಹೊತ್ತೊಂದೇ ತೊಡಕು. ಅದಕ್ಕೆ ಮೊದಲಿನಿಂದಲೂ ಒಂದು ದಾರಿ ಇತ್ತು. ಅವನ ಹೆಂಡತಿ ಸುಗಂಧಾ ರೊಟ್ಟಿಯ ಗಂಟು ತಂದುಕೊಡುತ್ತಿದ್ದಳು. ಅವನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಉಣ್ಣುವಾಗ ಆಕೆ ಒಳಗೆ ಕಾವಲಿಗೆ ಕೂಡಬೇಕು. ಆಕೆ ಬೀಡಿ ಕಟ್ಟುವವಳು. ಹೊತ್ತು ಹಾಳಾಗಬಾರದೆಂದು ಎಲೆಯ ಮೊರವನ್ನು ಜೊತೆಗೇ ತಂದು, ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತ ಕೂಡುತ್ತಿದ್ದಳು. ಓದು ಬಾರದ ಹೆಂಗಸು. "ಯಾರನ್ನೂ ಹತ್ರ ಬಿಡಬ್ಯಾಡ" ಎಂದು ಅವನು ಹೇಳಿ ಹೋಗುತ್ತಿದ್ದ. ಆಕೆ ಯಾರನ್ನೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಅಥಣಿಯ ಸ್ನೇಹಲ ಬಂದಳು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿ. ಅವಳ ವಿಷಯ ಗಂಗಾರಾಮ ಪಾಲಬಾವಿಕರರ ನಟನೆ. ಹೆಸರು ಕೇಳಿದ ಕೂಡಲೇ ಜ್ಞಾನದೇವನ ಕಣ್ಣುಗಳು ಸಣ್ಣವಾದವು.

"ಇಷ್ಟ ಮಂದಿ ನಟರು ಇದ್ದಾರ. ಇವನ ಯಾಕ ಬೇಕಾದ ನಿನಗ?"

"ನಮ್ಮ ಕಡಿಯಾಂವ ಅಂತ ಎಲ್ಲಾರೂ ಹೇಳ್ತಾರ ಕಾಕಾ, ಏನ ಮಾಡಿದಾ ಅಂದ್ರ ಯಾರಿಗೂ ಗೊತ್ತಿಲ್ಲ. ಅದಕ್ಕ."

ಅವಳು ಸುತ್ತದ ಊರಿರಲಿಲ್ಲ. ರೇಡಿಯೋ ಕೇಂದ್ರದಲ್ಲಿ ವಿಚಾರಿಸಿದರೆ ಹಳೆಯ ಟೇಪುಗಳ ಮೇಲೆ ಬೇರೆ ಕಾರ್ಯಕ್ರಮ ಧ್ವನಿಮುದ್ರಿಸಿ ಎಷ್ಟೋ ಕಾಲವಾಗಿತ್ತು. ಅವರ ಸಿನಿಮಾಗಳನ್ನು ಹುಡುಕಿಕೊಂಡು ಪುಣೆಗೆ ಹೋದರೆ ಉಳಿದದ್ದು ಒಂದೇ ರೀಲು.

"ಅದರಾಗ ಸಾಧು ಆಗ್ಯಾರ ಗುರೂಜಿ," ಎಂದು ನನಗೆ ಹೇಳಿದಳು. "ಎದಿ ಮಟ ಗಡ್ಡ, ಹಣಿ ತುಂಬ ಬೂದಿ. ಮೂಗೊಂದ ಕಾಣತೈತಿ. ಇಷ್ಟ ದಿನಾ ಓದೇನಿ, ಅವರ ಮುಖಾನ ನಾ ಇನ್ನೂ ನೋಡಿಲ್ಲ."

ಜ್ಞಾನದೇವ ಒಂದೊಂದೇ ಸಂಪುಟವನ್ನು ತೆರೆದುಕೊಟ್ಟು ಎದುರು ಕುಳಿತ. ಅವಳು ಓದುತ್ತಿದ್ದುದು ಪುಟವನ್ನು, ಅವನು ಓದುತ್ತಿದ್ದುದು ಅವಳ ಬೆರಳುಗಳನ್ನು. ತೂತು ಬಂದಾಗಲೆಲ್ಲ ಅವಳು ನಿಟ್ಟುಸಿರುಬಿಟ್ಟರೆ ಅವನು ಅದನ್ನೂ ನಂಬಲಿಲ್ಲ. "ನಾಟಕ ಕಲತಾಕಿ ಅದಾಳ್ರಿ ಅಕೀ," ಎಂದು ನನ್ನ ಕಿವಿಯಲ್ಲಿ ಹೇಳಿದ.

ಕೆಲವು ದಿನಗಳ ಮೇಲೆ, ಬಹುಕಾಲ ಬೈಂಡಿನವನ ಹತ್ತಿರವೇ ಉಳಿದು ತಡವಾಗಿ ಮರಳಿ ಬಂದಿದ್ದ ಒಂದು ಸಂಪುಟ ಮೇಜಿಗೆ ಬಂತು. ಅದರಲ್ಲಿ ಒಂದು ಪುಟ ಇಡಿಯಾಗಿತ್ತು. ರೇಡಿಯೋದ ಮೈಕಿನ ಮುಂದೆ, ತಲೆ ತುಸು ಬಾಗಿಸಿ ನಿಂತ ಪಾಲಬಾವಿಕರರು. ಸ್ನೇಹಲ ಕುರ್ಚಿಯಿಂದ ಎದ್ದೇಬಿಟ್ಟಳು. ಮೊಬೈಲು ತೆಗೆದಳು. ಜ್ಞಾನದೇವ ಪುಟದ ಮೇಲೆ ಅಂಗೈ ಇಟ್ಟ.

"ಫೋಟೋ ತಗ್ಯಾಕ ಅಧ್ಯಕ್ಷರ ಸಹಿ ಇದ್ದ ಪರವಾನಗಿ ಬೇಕು."

"ಒಂದ ಫೋಟೋ, ಕಾಕಾ!"

"ಒಂದಾದ್ರೂ ನಿಯಮ ನಿಯಮ."

ಅಧ್ಯಕ್ಷರಾದ ಧರೆಪ್ಪನವರು ಏಕಸಂಬಿಯ ಕಬ್ಬಿನ ತೋಟದಲ್ಲಿದ್ದರು. ಹುಡುಗಿ ಬಸ್ಸು ಹತ್ತಿ ಹೋಗಿ, ಅವರನ್ನು ಕಂಡು, ಸಹಿ ಪಡೆದು ಮಧ್ಯಾಹ್ನ ಇಳಿಹೊತ್ತಿಗೆ ಓಡುತ್ತ ಬಂದಳು. ಸಂಪುಟ ಮೇಜಿನ ಮೇಲೆಯೇ ಇತ್ತು. ಪುಟ ತಿರುವಿದಳು. ಮೈಕು ಇತ್ತು, ಮೈಕಿನ ಮುಂದೆ ಯಾರೂ ಇರಲಿಲ್ಲ. ಅಲ್ಲೊಂದು ತೂತು.

ನಾನು ಆಗ ಅಲ್ಲಿಯೇ ಇದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ರೀತಿ ನನಗೆ ಮರೆತಿಲ್ಲ.

"ಮುಂಜಾನೆ ಹೋಗೂ ಮುಂದ ಕತ್ತರಿಸಿಕೊಂಡ ಹೋಗೀದಿ," ಎಂದ ಜ್ಞಾನದೇವ.

"ನೀವು ಎದುರಿಗೇ ಕುಂತಿದ್ರಿ! ನಾ ಹೋದ ಮ್ಯಾಲ ಇಲ್ಲಿ ಇದ್ದವರು ಯಾರು? ನೀವ. ನನಗ ಫೋಟೋ ತಗ್ಯಾಕ ಬಿಡದವರು ಯಾರು? ನೀವ!"

"ಚೀಲ ತೋರಸು."

ಚೀಲದಲ್ಲಿ ಪೆನ್ಸಿಲು ಚೂಪು ಮಾಡುವ ಒಂದು ಸಣ್ಣ ಶಾರ್ಪನರ್ ಸಿಕ್ಕಿತು. ಜ್ಞಾನದೇವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ಬ್ಲೇಡ!" ಎಂದ, ಚೂರಿಯೇ ಸಿಕ್ಕಿತೆಂಬಂತೆ.

ರವಿವಾರ ಸಮಿತಿ ಕೂಡುವುದಿತ್ತು. ಅವಳ ವಿಶ್ವವಿದ್ಯಾಲಯಕ್ಕೆ ದೂರು ಬರೆಯಬೇಕೆಂದು ಜ್ಞಾನದೇವ ಅಧ್ಯಕ್ಷರಿಗೆ ಫೋನು ಮಾಡಿದ. ಅವರೂ ಒಪ್ಪಿದರು. ಸ್ನೇಹಲ ನನ್ನ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತಳು. ಅತ್ತಿರಲಿಲ್ಲ, ಅಳುವುದಕ್ಕಿಂತ ಮುಂದೆ ಹೋದ ಮುಖ.

"ಗುರೂಜಿ, ಆ ದೂರು ಹೋತು ಅಂದ್ರ ಮುಗೀತು. ಹಳೇ ಕಾಗದ ಇರೂ ಯಾವ ಮನೀಗೂ ನನ್ನ ಬಿಟ್ಟುಕೊಳ್ಳೂದಿಲ್ಲ. ಕಳ್ಳಿ ಅಂತ ಒಮ್ಮೆ ಹೆಸರ ಬಂದ್ರ, ಈ ಕೆಲಸ ಅಲ್ಲ, ಯಾವ ಕೆಲಸಾನೂ ಇಲ್ಲ. ನಾ ಕತ್ತರಿಸಿಲ್ರಿ."

ನಾನು ನಂಬಿದೆ. ಆದರೆ ಜ್ಞಾನದೇವನೇ ಕತ್ತರಿಸಿದ್ದಾನೆಂದೂ ನಂಬಲಾಗಲಿಲ್ಲ. ಮರುದಿನ ಶನಿವಾರ, ಅವನ ಮನೆಗೆ ಹೋದೆ.

ಸಣ್ಣ ಮನೆ, ಬಾಗಿಲಿಗೆ ನೀಲಿ ಬಣ್ಣ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಸುಗಂಧಾ ಚಹ ಕೊಟ್ಟು, ನಮ್ಮಿಂದ ತುಸು ದೂರ ಗೋಡೆಗೊರಗಿ ಎಲೆ ಕತ್ತರಿಸಲು ಕುಳಿತಳು. ನೆನೆಸಿದ ಎಲೆಯ ಮೇಲೆ ಅಳತೆಯ ತಗಡು ಇಡುವುದು, ಸುತ್ತಲೂ ಕತ್ತರಿ ಓಡಿಸುವುದು. ಆಕೆ ಕೈಯ ಕಡೆಗೆ ನೋಡುತ್ತಲೇ ಇರಲಿಲ್ಲ.

ಜ್ಞಾನದೇವ ನನ್ನ ಮುಂದೆ ಒಂದು ಹಾಳೆ ಹರಡಿದ. ತೂತಿನ ಕೆಳಗೆ ಕಾಗದವಿಟ್ಟು, ಅಂಚಿನುದ್ದಕ್ಕೂ ಪೆನ್ಸಿಲು ಎಳೆದು ತಂದಿದ್ದ.

"ಸಾಕ್ಷಿ ಐತ್ರಿ. ಹಳೇ ತೂತಿಗೂ ಹಿಡದ ನೋಡೇನಿ, ಹೊಸದಕ್ಕೂ ಹಿಡದ ನೋಡೇನಿ. ಎಲ್ಲಾ ಒಂದ ಅಳತಿ. ಒಂದ ಕೈ ಕತ್ತರಿಸಿದ್ದು."

"ಜ್ಞಾನದೇವಾ, ಹಳೇ ತೂತು ಬಿದ್ದಾಗ ಆ ಹುಡುಗಿ ಹುಟ್ಟಿದ್ದಿಲ್ಲಲೋ."

ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಹಂಗಾರ ಅಕೀ ಅವ್ವ ಇರಬೇಕ್ರಿ. ಇಲ್ಲಾ ಅಜ್ಜಿ. ಮನಿತನಾನ ಇದರಾಗ ಇದ್ದಂಗೈತಿ."

ನಾನು ನಕ್ಕೆ. ಆದರೆ ಹಾಳೆಯನ್ನು ನೋಡಿದಾಗ ವಿಚಿತ್ರವೆನಿಸಿತು. ಚಿತ್ರ ಕದಿಯುವವರು ಚಿತ್ರದ ಅಂಚಿನಗುಂಟ ಕತ್ತರಿಸುತ್ತಾರೆ. ಇಲ್ಲಿ ಚಿತ್ರ ದೊಡ್ಡದಿರಲಿ ಸಣ್ಣದಿರಲಿ, ತೂತು ಮಾತ್ರ ಒಂದೇ. ಕೆಲವು ಕಡೆಗೆ ನಟನ ಭುಜ ಪುಟದಲ್ಲಿಯೇ ಉಳಿದಿತ್ತು. ಒಂದು ಕಡೆಗೆ ಕಿವಿ ಉಳಿದಿತ್ತು. ಇದನ್ನೇ ಅವನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಸುಗಂಧಾಳ ಮಡಿಲಿನಿಂದ ಕತ್ತರಿಸಿದ ಎಲೆಯೊಂದು ಫ್ಯಾನಿನ ಗಾಳಿಗೆ ಜಾರಿ ಬಂದು ಹಾಳೆಯ ಮೇಲೆ ಬಿತ್ತು. ಜ್ಞಾನದೇವ ಅದನ್ನು ಬೆರಳಿನಿಂದ ಸರಿಸಹೋದ. ಬೆರಳು ಅಲ್ಲಿಯೇ ನಿಂತಿತು.

ಎಲೆಯನ್ನು ತುಸು ತಿರುಗಿಸಿ ಪೆನ್ಸಿಲು ಗೆರೆಯೊಳಗೆ ಇಟ್ಟ. ನಾಲ್ಕೂ ಅಂಚು ಗೆರೆಗೆ ಕೂಡಿದವು.

ಕತ್ತರಿಯ ಸಪ್ಪಳ ನಿಂತಿತು.

"ಸುಗಂಧಾ."

"ಹೂಂ."

"ಇನ್ನೊಂದ ಎಲಿ ಕೊಡ."

ಆಕೆ ಕೊಟ್ಟಳು. ಅದೂ ಕೂಡಿತು. ಅವನು ಹೆಂಡತಿಯನ್ನು ನೋಡಿದ. ಅಷ್ಟು ವರ್ಷ ಊರಿನ ಮೇಲೆಲ್ಲ ಓಡಾಡಿದ ಆ ಕಣ್ಣುಗಳು ಅಲ್ಲಿ ನಿಲ್ಲುವುದನ್ನು ನಾನು ಮೊದಲ ಸಲ ಕಂಡೆ.

"ನೀನ?"

"ನಾನ."

"ಮತ್ತ ಹೇಳಬಾರದ?"

"ನೀವು ಕೇಳಿದ್ರಿ ಏನ? ಕಾಲೇಜ ಹುಡುಗರನ್ನ ಕೇಳಿದ್ರಿ, ಕಟಿಂಗದವನ್ನ ಕೇಳಿದ್ರಿ, ಊರ ಮಂದೀನೆಲ್ಲಾ ಕೇಳಿದ್ರಿ. ನನ್ನ ಒಬ್ಬಾಕೀನ ಕೇಳಲಿಲ್ಲ."

ಆಮೇಲೆ ಆಕೆ ನನ್ನ ಕಡೆಗೆ ತಿರುಗಿ ಹೇಳತೊಡಗಿದಳು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯಂತಲ್ಲ, ಲೆಕ್ಕ ಒಪ್ಪಿಸುವವಳಂತೆ. ಚಿಕ್ಕವಳಿದ್ದಾಗಿನಿಂದ ಬೀಡಿ ಕಾರಖಾನೆಗೆ ಹೋಗುತ್ತಿದ್ದಳು. ಅಲ್ಲಿ ಒಂದು ರೇಡಿಯೋ ಇತ್ತು. ನಾಟಕ ಬಂದ ದಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ಕೇಳುತ್ತಿದ್ದರು. ಪಾಲಬಾವಿಕರರ ಧ್ವನಿ ಬಂತೆಂದರೆ ತಂಬಾಕಿನ ಘಾಟು ಕೂಡ ಮರೆತುಹೋಗುತ್ತಿತ್ತು. ಮುಖ ಹೇಗಿದ್ದೀತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

"ಮುಖ ತೋರಿಸಿದವ್ರ ಇವ್ರು, ಗುರೂಜಿ. ಮದಿವಿ ಆದ ಮ್ಯಾಲ ಒಮ್ಮೆ ರೊಟ್ಟಿ ಕೊಡಾಕ ಹೋಗಿದ್ನಿ. 'ನೋಡಿಲ್ಲಿ, ನಿಮ್ಮ ರೇಡಿಯೋದಾಂವ' ಅಂತ ಪುಸ್ತಕ ತಗದ ತೋರಿಸಿದ್ರು. ಉಣ್ಣಾಕ ಹೋದ್ರು. ಕಾವಲಿಗೆ ನಾ ಇದ್ನಿ. ಮಡಲಾಗ ತಗಡ ಇತ್ತು, ಕತ್ತರಿ ಇತ್ತು."

"ಅಳತಿ ತಗಡ ಇಟ್ಟ ಯಾಕ ಕತ್ತರಿಸಿದಿ?" ಎಂದ ಜ್ಞಾನದೇವ. ಇಷ್ಟೆಲ್ಲದರಲ್ಲಿ ಅವನಿಗೆ ಅದೇ ದೊಡ್ಡ ಪ್ರಶ್ನೆಯಾಗಿತ್ತು.

"ತಗಡ ಇಲ್ದ ನನ್ನ ಕೈಯಾಗ ಕತ್ತರಿ ಓಡೂದಿಲ್ರೀ. ಸೊಟ್ಟ ಆಕ್ಕೈತಿ."

ಕಪಾಟಿಗೆ ಬೀಗ ಬಿದ್ದ ಮೇಲೆ ಆಕೆ ಚಿತ್ರ ಕತ್ತರಿಸುವುದು ನಿಂತಿತ್ತು. ಸ್ನೇಹಲ ಬಂದು ಸಂಪುಟಗಳು ಮತ್ತೆ ಮೇಜಿಗೆ ಬಂದವು. ಅಂದು ಮೈಕಿನ ಮುಂದಿನ ಪಟ ತೆರೆದೇ ಇತ್ತು. ಹುಡುಗಿ ಏಕಸಂಬಿಗೆ ಹೋಗಿದ್ದಳು. ಗಂಡ ಹಿತ್ತಲಲ್ಲಿ ರೊಟ್ಟಿ ಮುರಿಯುತ್ತಿದ್ದ.

"ಹುಡುಗಿ ಮ್ಯಾಲ ಬರತೈತಿ ಅಂತ ಗೊತ್ತಾಗಲಿಲ್ಲೇನವಾ?" ಎಂದು ನಾನು ಕೇಳಿದೆ.

ಆಕೆ ತಲೆ ತಗ್ಗಿಸಿದಳು. "ನಿನ್ನೀ ಗೊತ್ತಾತ್ರಿ. ಹೇಳಾಕ ಬಾಯಿ ಬರಲಿಲ್ಲ."

ನನಗೆ ಜ್ಞಾನದೇವನ ಮೇಲೆ ಕರುಣೆ ಬಂತು. ಕಪಾಟು ಕಾಯುವುದೊಂದೇ ಅವನಿಗೆ ಮಾನ ತಂದ ಕೆಲಸ. "ದೂರು ಹಿಂದಕ್ಕ ತಗೋ, ಸಾಕು. ಕಾರಣ ಯಾರೂ ಕೇಳೂದಿಲ್ಲ, ನಾ ಧರೆಪ್ಪನವರಿಗೆ ಹೇಳ್ತೀನಿ," ಎಂದೆ.

ಅವನು ಹಾಳೆಯ ಮೇಲಿನ ಎಲೆಯನ್ನು ಎತ್ತಿ ಹೆಂಡತಿಯ ಮೊರಕ್ಕೆ ಹಾಕಿದ.

"ನಮ್ಮಪ್ಪನ ಮ್ಯಾಲಿನ ದೂರೂ ಹಂಗ ಸುಮ್ಮನ ಬಿಟ್ರು ಗುರೂಜಿ. ಕಳ್ಳ ಅಲ್ಲ ಅಂತ ಯಾರೂ ಬಾಯಿ ಬಿಟ್ಟ ಹೇಳಲಿಲ್ಲ. ಸಾಯೂ ಮಟ ಅಂವ ವಖಾರಿ ಓಣಿಗೆ ಕಾಲಿಡಲಿಲ್ಲ. ಹೇಳಬೇಕ್ರಿ. ನಾಕ ಮಂದಿ ಮುಂದ ಹೇಳಬೇಕು."

ರವಿವಾರ ಸಮಿತಿ ಕೂಡಿತು. ಸುದ್ದಿ ಹೇಗೋ ಹಬ್ಬಿ, ಸಮಾಧಾನ ಕಿಟಕಿಯ ಹೊರಗೆ ನಿಂತಿದ್ದ. ಸ್ನೇಹಲ ಮೂಲೆಯ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತಿದ್ದಳು. ಈ ಸಲ ಹೊರಗಿಡೆಂದು ಯಾರೂ ಹೇಳಿರಲಿಲ್ಲ. ಅಧ್ಯಕ್ಷ ಧರೆಪ್ಪನವರು ದೂರಿನ ಕಾಗದಕ್ಕೆ ಸಹಿ ಮಾಡಲು ಪೆನ್ನು ತೆಗೆದರು.

"ಬ್ಯಾಡ್ರಿ ಸಾಹೇಬ್ರ," ಎಂದ ಜ್ಞಾನದೇವ ಎದ್ದು ನಿಂತು. "ಹುಡುಗಿ ಕಳ್ಳಿ ಅಲ್ಲ. ಕತ್ತರಿಸಿದಾಕಿ ನನ್ನ ಹೇಣ್ತಿ. ಕಾವಲಿಗೆ ಅಕೀನ ಕುಂಡ್ರಿಸಿದಾಂವ ನಾನ. ನನ್ನ ಕೆಲಸದ ಮಾತು ನೀವ ನೋಡ್ರಿ. ಈ ಹುಡುಗಿ ಮ್ಯಾಲ ಒಂದ ಚುಕ್ಕಿನೂ ಇರಬಾರದು."

ಕಿಟಕಿಯಿಂದ ಸಮಾಧಾನ ತಡೆಯಲಾರದೆ, "ಮತ್ತ ನನ್ನ ಮ್ಯಾಲಿಂದೋ ಕಾಕಾ? ಇಡೀ ವರ್ಷ ಕೆರೆದೇನಿ!" ಎಂದ. ಸಮಿತಿಯವರು ನಕ್ಕುಬಿಟ್ಟರು. ಜ್ಞಾನದೇವ ನಗಲಿಲ್ಲ. ಕಿಟಕಿಯ ಕಡೆಗೆ ತಿರುಗಿ ಕೈಮುಗಿದ. ಆಗ ಸಮಾಧಾನನ ನಗೆಯೂ ನಿಂತಿತು.

ಧರೆಪ್ಪನವರು ದೂರನ್ನು ಎರಡು ತುಂಡು ಮಾಡಿ, "ತಂಗಿ, ತಪ್ಪಾತು ನಮ್ದು," ಎಂದು ಸ್ನೇಹಲಳಿಗೆ ಎಲ್ಲರೆದುರು ಹೇಳಿದರು. ಜ್ಞಾನದೇವನ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ಇವನಷ್ಟು ಕಾಯುವ ಇನ್ನೊಬ್ಬನನ್ನು ಎಲ್ಲಿಂದ ತರುವುದು ಎಂದು ಒಬ್ಬ ಸದಸ್ಯರು ಅಂದದ್ದು ಹೊಗಳಿಕೆಯೋ ಚೇಷ್ಟೆಯೋ ನನಗೆ ತಿಳಿಯಲಿಲ್ಲ.

ಸುಗಂಧಾ ಬಾಗಿಲಲ್ಲಿ ನಿಂತಿದ್ದಳು. ಸೆರಗಿನೊಳಗಿಂದ ಬಿಸ್ಕಿಟಿನ ಡಬ್ಬಿ ತೆಗೆದು ಹುಡುಗಿಯ ಮುಂದಿಟ್ಟಳು. ಸ್ನೇಹಲ ಮುಚ್ಚಳ ತೆಗೆದಳು. ಹವಾಲ್ದಾರನಾಗಿ ಪಾಲಬಾವಿಕರರು, ಗೌಡನಾಗಿ, ಬಾಸಿಂಗ ಕಟ್ಟಿದ ಮದುಮಗನಾಗಿ; ಅರ್ಧ ರುಮಾಲು, ಒಂದೇ ಕಿವಿ; ಎಲ್ಲವೂ ಒಂದು ಬೀಡಿ ಎಲೆಯ ಅಳತೆಗೆ. ಅವಳು ಬೈಯುತ್ತಾಳೆಂದು ನಾವು ಕಾದೆವು. ಅವಳು ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದಳು. ಸಾಲು ಮುಗಿದ ಮೇಲೆ, "ಮೂಗು ಅದ ಐತಿ," ಎಂದಳು, ಪುಣೆಯ ಸಾಧುವನ್ನು ನೆನೆದು.

ಅಂಟಿಸುವ ಕೆಲಸ ಆಮೇಲೆ ಬಹಳ ದಿನ ನಡೆಯಿತು. ಯಾವ ಮುಖವಾದರೂ ಯಾವ ತೂತಿಗಾದರೂ ಕೂಡುತ್ತಿದ್ದುದರಿಂದ, ಬೆನ್ನಿನ ಕಡೆಯ ಅಚ್ಚನ್ನು ನೋಡಿ ಜೋಡಿಸಬೇಕಾಯಿತು. ಹಿಂದೆ ಸಾಬೂನಿನ ಜಾಹೀರಾತು ಅರ್ಧವಿದ್ದರೆ ಉಳಿದರ್ಧ ಯಾವ ಪುಟದಲ್ಲಿದೆಯೆಂದು ಹುಡುಕುವುದು. ಸ್ನೇಹಲ ಓದಿ ಹೇಳುವಳು, ಸುಗಂಧಾ ಅಂಟು ಹಚ್ಚುವಳು, ಜ್ಞಾನದೇವ ಇಬ್ಬರ ಕೈಗಳನ್ನೂ ನೋಡುವನು. ಈಗ ಅವನು ಊಟವನ್ನೂ ಅದೇ ಕೋಣೆಯಲ್ಲಿ ಮಾಡುತ್ತಾನೆ.

ಒಂದು ದಿನ ಸ್ನೇಹಲ ತನ್ನ ಮೊಬೈಲಿನಲ್ಲಿ ಧ್ವನಿಮುದ್ರಣ ಶುರುಮಾಡಿ ಅದನ್ನು ಸುಗಂಧಾಳ ಮುಂದಿಟ್ಟು, "ಕಾಕೂ, ಮುಖ ಸಿಕ್ತು. ಧ್ವನಿ ಎಲ್ಲೂ ಇಲ್ಲ. ನೀವು ಕೇಳೀರಿ. ಹೆಂಗಿತ್ತು ಹೇಳ್ರಿ," ಎಂದಳು.

ಸುಗಂಧಾ ನಾಚಿದಳು. ಆಮೇಲೆ ಕೈಯಲ್ಲಿನ ಎಲೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಕಾರಖಾನೆಯಲ್ಲಿ ಕೇಳಿದ ಒಂದು ನಾಟಕದ ಗೌಡನ ಮಾತನ್ನು ಅಂದು ತೋರಿಸಿದಳು. ಯಾವ ಮಾತಿಗೆ ಅವರು ಉಸಿರು ಹಿಡಿಯುತ್ತಿದ್ದರು, ಎಲ್ಲಿ ಮರಾಠಿಯ ಎಳೆ ಬರುತ್ತಿತ್ತು, ನಗುವ ಮೊದಲು ಹೇಗೆ ಕೆಮ್ಮುತ್ತಿದ್ದರು, ಎಲ್ಲವನ್ನೂ. ಆ ಮುದುಕಿಯ ಬಾಯಿಂದ ಗಂಡು ಧ್ವನಿ ಬರುವಾಗ ನಮಗೆ ನಗೆ ಬರಬೇಕಿತ್ತು, ಬರಲಿಲ್ಲ.

ಜ್ಞಾನದೇವ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಕೇಳುತ್ತಿದ್ದವನು ಮೆಲ್ಲಗೆ ಅಂದ: "ಅಂವ ನಿಪ್ಪಾಣಿಗೆ ಎಂದರ ಬಂದಿದ್ದನ?"

"ಬಂದಿದ್ರ ನಿಮ್ಮನ್ನ ಯಾಕ ಮದಿವಿ ಆಗ್ತಿದ್ನಿ?" ಎಂದಳು ಸುಗಂಧಾ.

ಮೊಬೈಲು ಇನ್ನೂ ನಡೆಯುತ್ತಿತ್ತು. ಆ ಪ್ರಶ್ನೆ, ಆ ಉತ್ತರ, ಆಮೇಲಿನ ನಮ್ಮೆಲ್ಲರ ನಗೆ ಅದರೊಳಗೆ ಸೇರಿಹೋದವು. ತೆಗೆದುಹಾಕಲೇ ಎಂದು ಸ್ನೇಹಲ ಕೇಳಿದಾಗ ಜ್ಞಾನದೇವ, ಸಂಗ್ರಹದಲ್ಲಿದ್ದದ್ದನ್ನು ಕತ್ತರಿಸಬಾರದು, ಇರಲಿ ಬಿಡು ಎಂದ.